ಪೈಥಾನ್ ಪ್ರೋಗ್ರಾಂ ಕೈಕೊಟ್ಟಾಗ: ದೋಷ ಕಂಡದ್ದೆಲ್ಲಿ, ಹುಟ್ಟಿದ್ದೆಲ್ಲಿ

ಪ್ರೋಗ್ರಾಂ ನಡುವೆ ನಿಂತುಹೋದಾಗ ಪರದೆಯ ಮೇಲೆ ಹತ್ತಿಪ್ಪತ್ತು ಸಾಲು ಒಮ್ಮೆಲೇ ಸುರಿಯುತ್ತವೆ. ಅದನ್ನು ಓದದೆ ನೇರವಾಗಿ ಕೋಡ್‌ಗೆ ಕೈಹಾಕುವವರೇ ಹೆಚ್ಚು. ಇಲ್ಲೊಂದು ಆವರಣ ಹಾಕಿ, ಅಲ್ಲೊಂದು ಸಾಲು ಅಳಿಸಿ, ಮತ್ತೆ ಓಡಿಸಿ ನೋಡುತ್ತಾರೆ. ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ ಅರ್ಧ ದಿನ ತಿನ್ನುವುದು ಹೀಗೆಯೇ. ದೋಷ ಕಾಣಿಸಿಕೊಂಡ ಸಾಲು ಒಂದು, ಅದು ಹುಟ್ಟಿದ ಸಾಲು ಇನ್ನೊಂದು ಆಗಿರುವುದೇ ಹೆಚ್ಚು. ಮೊದಲನೆಯದನ್ನು ಪೈಥಾನ್ ತಾನೇ ತೋರಿಸುತ್ತದೆ. ಎರಡನೆಯದನ್ನು ನಾವು ಹುಡುಕಬೇಕು.

ಕೀವರ್ಡ್, ಆದೇಶ, ಫೈಲ್ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ರೋಮನ್ ಅಕ್ಷರಗಳೇ ಬೇಕು. ವೇರಿಯಬಲ್ ಹೆಸರುಗಳನ್ನು ಮಾತ್ರ ಕನ್ನಡದಲ್ಲೇ ಇಡಬಹುದು, ಪೈಥಾನ್ 3 ಅದನ್ನು ಒಪ್ಪುತ್ತದೆ.

ಮೊದಲು ಕೊನೆಯ ಸಾಲು

ದೋಷ ಬಂದಾಗ ಪರದೆಗೆ ಸುರಿಯುವ ಆ ಸಾಲುಗಳಿಗೆ ಟ್ರೇಸ್‌ಬ್ಯಾಕ್ ಎಂದು ಹೆಸರು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಿ. ಕೊನೆಯ ಸಾಲಿನಲ್ಲಿ ದೋಷದ ಬಗೆ, ಒಂದು ಕೋಲನ್, ಆಮೇಲೆ ವಿವರ ಇರುತ್ತದೆ. ‘ಟೈಪ್‌ಎರರ್’ ಎಂದರೆ ವಸ್ತುವಿನ ಜಾತಿಯೇ ತಪ್ಪು. ‘ವ್ಯಾಲ್ಯೂಎರರ್’ ಎಂದರೆ ಜಾತಿ ಸರಿಯಿದೆ, ಒಳಗಿನ ಮೌಲ್ಯ ಸರಿಯಿಲ್ಲ. ‘ಆಟ್ರಿಬ್ಯೂಟ್‌ಎರರ್’ ಎಂದರೆ ಆ ವಸ್ತುವಿಗೆ ನೀವು ಕೇಳಿದ ಮೆಥಡ್ ಇಲ್ಲ. ‘ನೇಮ್‌ಎರರ್’ ಎಂದರೆ ಆ ಹೆಸರೇ ಅದಕ್ಕೆ ಗೊತ್ತಿಲ್ಲ. ಹೆಸರಿನ ಅಕ್ಷರ ತಪ್ಪಿರಬಹುದು, ಇಲ್ಲವೇ ಮೌಲ್ಯ ಕೊಡುವ ಮೊದಲೇ ಬಳಸಿರಬಹುದು.

ಅದರ ಮೇಲೆ ಫೈಲ್ ಹೆಸರು ಮತ್ತು ಸಾಲಿನ ಸಂಖ್ಯೆಗಳ ಸರಣಿ. ತೀರಾ ಕೆಳಗಿನ ಫೈಲ್ ಯಾವುದೋ ಲೈಬ್ರರಿಯದಾಗಿದ್ದರೆ ಅದನ್ನು ತಿದ್ದಲು ಹೋಗಬೇಡಿ. ಮೇಲಕ್ಕೆ ಹೋಗುತ್ತಾ ನಿಮ್ಮದೇ ಫೈಲಿನ ಹೆಸರು ಮೊದಲು ಎಲ್ಲಿ ಸಿಗುತ್ತದೋ ಅಲ್ಲಿ ನಿಲ್ಲಿ. ಪೈಥಾನ್ 3.11ರಿಂದ ಈಚೆಗೆ ಆ ಸಾಲಿನ ಯಾವ ಭಾಗದಲ್ಲಿ ತಪ್ಪಾಯಿತು ಎಂಬುದನ್ನೂ ^ ಗುರುತುಗಳು ತೋರಿಸುತ್ತವೆ. ಹಳೆಯ ಆವೃತ್ತಿಯಾದರೆ ಉದ್ದನೆಯ ಸಾಲನ್ನು ಮೂರು ಸಾಲಾಗಿ ಒಡೆದು ಮತ್ತೆ ಓಡಿಸಿ. ಅಷ್ಟಕ್ಕೇ ಅರ್ಧ ಗುಟ್ಟು ರಟ್ಟಾಗುತ್ತದೆ.

ಈಗ ಆ ಸಾಲಿನ ಮೇಲ್ಗಡೆ ಸಂಶಯವಿರುವ ಮೌಲ್ಯವನ್ನು ಮುದ್ರಿಸಿ. ಬರೀ ಪ್ರಿಂಟ್ ಸಾಲದು:

    ಪ್ರಿಂಟ್(ರೆಪ್ರ್(ಮೌಲ್ಯ), ಟೈಪ್(ಮೌಲ್ಯ))

25 ಎಂಬ ಸಂಖ್ಯೆ, "25" ಎಂಬ ಸ್ಟ್ರಿಂಗ್, ಕೊನೆಗೆ ಖಾಲಿ ಜಾಗವಿರುವ "25 " — ಈ ಮೂರೂ ಪ್ರಿಂಟ್‌ನಲ್ಲಿ ಒಂದೇ ಥರ ಕಾಣುತ್ತವೆ. ‘ರೆಪ್ರ್’ ಹಾಕಿದರೆ ಉದ್ಧರಣ ಚಿಹ್ನೆ, ಖಾಲಿ ಜಾಗ, ಸಾಲು ಮುರಿಯುವ ಗುರುತು ಎಲ್ಲವೂ ಬಯಲಾಗುತ್ತವೆ. ‘ಇನ್‌ಪುಟ್’ ಫಂಕ್ಷನ್ ಯಾವಾಗಲೂ ಸ್ಟ್ರಿಂಗನ್ನೇ ಕೊಡುತ್ತದೆ ಎಂಬುದನ್ನು ಮರೆತವರಿಗೆ ಈ ಒಂದು ಸಾಲೇ ಉತ್ತರ. ಸ್ಟ್ರಿಂಗುಗಳಾಗಿ ಹೋಲಿಸಿದರೆ "10" ಎಂಬುದು "9"ಕ್ಕಿಂತ ಚಿಕ್ಕದು. ಆಗ ಯಾವ ಎರರ್ ಕೂಡ ಬರುವುದಿಲ್ಲ, ಫಲಿತಾಂಶ ಮಾತ್ರ ತಪ್ಪಿರುತ್ತದೆ.

ಹತ್ತು ಕಡೆ ಪ್ರಿಂಟ್ ಹಾಕುವ ಬದಲು ಬೇಕಾದ ಕಡೆ ‘ಬ್ರೇಕ್‌ಪಾಯಿಂಟ್()’ ಎಂದು ಬರೆಯಬಹುದು, ಇದು 3.7ರಿಂದ ಇದೆ. ಪ್ರೋಗ್ರಾಂ ಅಲ್ಲೇ ನಿಂತು ನಿಮ್ಮ ಮಾತಿಗೆ ಕಾಯುತ್ತದೆ. ‘ಪಿ’ ಎಂದು ಬರೆದು ವೇರಿಯಬಲ್ ಹೆಸರು ಕೊಟ್ಟರೆ ಮೌಲ್ಯ ತೋರಿಸುತ್ತದೆ. ‘ಎನ್’ ಮುಂದಿನ ಸಾಲಿಗೆ, ‘ಎಸ್’ ಫಂಕ್ಷನ್ ಒಳಕ್ಕೆ, ‘ಯು’ ಕರೆದವರ ಕಡೆಗೆ, ‘ಸಿ’ ಮುಂದುವರಿಯಲು. ‘ಯು’ವನ್ನು ಹೆಚ್ಚಿನವರು ಬಳಸುವುದೇ ಇಲ್ಲ, ತಪ್ಪು ಮೌಲ್ಯವನ್ನು ಕಳಿಸಿದವರು ಯಾರು ಎಂದು ಹುಡುಕಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ.

ಇನ್‌ಸ್ಟಾಲ್ ಆಗಿದೆ, ಆದರೂ ‘ಮಾಡ್ಯೂಲ್‌ನಾಟ್‌ಫೌಂಡ್‌ಎರರ್’

ಹೊಸಬರನ್ನು ಅತಿ ಹೆಚ್ಚು ಕಾಡುವ ದೋಷ ಇದು. ಲೈಬ್ರರಿಗಳನ್ನು ಇನ್‌ಸ್ಟಾಲ್ ಮಾಡುವ ಸಲಕರಣೆಯಾದ ಪಿಪ್ ‘ಯಶಸ್ವಿಯಾಗಿ ಇನ್‌ಸ್ಟಾಲ್ ಆಯಿತು’ ಎನ್ನುತ್ತದೆ, ಪ್ರೋಗ್ರಾಂ ‘ಅಂಥ ಮಾಡ್ಯೂಲೇ ಇಲ್ಲ’ ಎನ್ನುತ್ತದೆ. ಎರಡೂ ನಿಜವನ್ನೇ ಹೇಳುತ್ತಿರುತ್ತವೆ. ಒಂದೇ ಯಂತ್ರದಲ್ಲಿ ಎರಡು ಮೂರು ಪೈಥಾನ್‌ಗಳಿರುತ್ತವೆ, ಪಿಪ್ ಒಂದಕ್ಕೆ ಸೇರಿದ್ದು, ಪ್ರೋಗ್ರಾಂ ಓಡುತ್ತಿರುವುದು ಇನ್ನೊಂದರಲ್ಲಿ.

ಖಚಿತಪಡಿಸಿಕೊಳ್ಳಲು, ಎರರ್ ಕೊಡುತ್ತಿರುವ ಫೈಲಿನ ಮೊದಲ ಸಾಲುಗಳಲ್ಲಿಯೇ ಇದನ್ನು ಹಾಕಿ:

    ಇಂಪೋರ್ಟ್ ಸಿಸ್
    ಪ್ರಿಂಟ್(ಸಿಸ್.ಎಕ್ಸಿಕ್ಯೂಟಬಲ್)

ಆಮೇಲೆ ಟರ್ಮಿನಲ್‌ನಲ್ಲಿ ‘ಪಿಪ್ --ವರ್ಷನ್’ ಕೊಡಿ. ಅದು ತಾನು ಯಾವ ಫೋಲ್ಡರಿನಲ್ಲಿದ್ದೇನೆ ಎಂದು ಹೇಳುತ್ತದೆ. ಎರಡು ದಾರಿಗಳೂ ಒಂದೇ ಪೈಥಾನ್‌ನವು ಅಲ್ಲದಿದ್ದರೆ ರೋಗ ಗೊತ್ತಾದಂತೆ. ಮದ್ದು ಸುಲಭ: ಪಿಪ್‌ ಅನ್ನು ನೇರವಾಗಿ ಕರೆಯುವುದನ್ನು ಬಿಟ್ಟು ‘ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್’ ಎಂದೇ ಕೊಡಿ. ಪ್ರೋಗ್ರಾಂ ಓಡಿಸಲು ಯಾವ ಪೈಥಾನ್ ಕರೆಯುತ್ತೀರೋ ಅದರದೇ ಪಿಪ್ ಆಗ ಕೆಲಸ ಮಾಡುತ್ತದೆ. ವಿಂಡೋಸ್‌ನಲ್ಲಿ ‘ಪಿವೈ -0’ ಕೊಟ್ಟರೆ ಇರುವ ಪೈಥಾನ್‌ಗಳ ಪಟ್ಟಿ ಬರುತ್ತದೆ. ವಿಎಸ್ ಕೋಡ್ ಬಳಸುವವರು ಆಯ್ದ ಇಂಟರ್‌ಪ್ರಿಟರ್ ಯಾವುದೆಂದು ನೋಡಬೇಕು. ಟರ್ಮಿನಲ್‌ನಲ್ಲಿ ಒಂದು, ‘ರನ್’ ಗುಂಡಿಗೆ ಇನ್ನೊಂದು ಇರುವುದುಂಟು. ಜುಪಿಟರ್ ನೋಟ್‌ಬುಕ್‌ನಲ್ಲಾದರೆ ಸೆಲ್ ಒಳಗೆ ‘%ಪಿಪ್ ಇನ್‌ಸ್ಟಾಲ್’ ಎಂದು ಶೇಕಡಾ ಗುರುತಿನೊಂದಿಗೆ ಬರೆಯಿರಿ, ಆ ನೋಟ್‌ಬುಕ್ ಓಡಿಸುವ ಪೈಥಾನ್‌ಗೇ, ಅಂದರೆ ಕರ್ನಲ್‌ಗೇ, ಹೋಗಿ ಸೇರುತ್ತದೆ.

ಡೆಬಿಯನ್ 12, ಉಬುಂಟು 23.04 ಮತ್ತು ಅವುಗಳ ನಂತರದ ಆವೃತ್ತಿಗಳಲ್ಲಿ ವ್ಯವಸ್ಥೆಯ ಪೈಥಾನ್‌ಗೆ ಪಿಪ್‌ನಿಂದ ಏನನ್ನಾದರೂ ಹಾಕಲು ಹೋದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂದು ತಡೆಯುತ್ತದೆ. ಆ ತಡೆಯನ್ನು ಬಲವಂತವಾಗಿ ದಾಟುವ ಆಯ್ಕೆಯೂ ಇದೆ, ಆದರೆ ಅದನ್ನು ಮುಟ್ಟದಿರುವುದೇ ಒಳ್ಳೆಯದು. ಆಪರೇಟಿಂಗ್ ಸಿಸ್ಟಮ್‌ನ ಕೆಲವು ಸಲಕರಣೆಗಳೂ ಅದೇ ಪೈಥಾನ್ ಮೇಲೆ ನಿಂತಿರುತ್ತವೆ. ಪ್ರತಿ ಪ್ರಾಜೆಕ್ಟಿಗೆ ಅದರದೇ ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಅದಕ್ಕೆಂದೇ ಪ್ರತ್ಯೇಕ ಪೈಥಾನ್ ಮತ್ತು ಲೈಬ್ರರಿಗಳಿರುವ ಫೋಲ್ಡರ್, ಮಾಡಿಕೊಳ್ಳಿ:

    ಪೈಥಾನ್ -ಎಂ ವೆನ್ವ್ .ವೆನ್ವ್

ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಆ ಫೋಲ್ಡರಿನ ‘ಬಿನ್’ ಒಳಗೆ, ವಿಂಡೋಸ್‌ನಲ್ಲಿ ‘ಸ್ಕ್ರಿಪ್ಟ್ಸ್’ ಒಳಗೆ ಹೊಸ ಪೈಥಾನ್ ಇರುತ್ತದೆ. ವಿಂಡೋಸ್ ಪವರ್‌ಶೆಲ್ ‘ಆಕ್ಟಿವೇಟ್’ ಸ್ಕ್ರಿಪ್ಟನ್ನು ತಡೆದರೆ ತಲೆ ಕೆಡಿಸಿಕೊಳ್ಳಬೇಡಿ. ಆಕ್ಟಿವೇಟ್ ಮಾಡಲೇಬೇಕೆಂದಿಲ್ಲ, ಆ ಫೋಲ್ಡರಿನ ಪೈಥಾನನ್ನೇ ಪೂರ್ತಿ ದಾರಿ ಕೊಟ್ಟು ಕರೆದರೂ ಅದೇ ಫಲ.

ದಾರಿಗಳು ಹೊಂದಿಕೆಯಾಗಿವೆ, ಆದರೂ ಮಾಡ್ಯೂಲ್ ಸಿಗುತ್ತಿಲ್ಲವೇ? ಇನ್‌ಸ್ಟಾಲ್ ಮಾಡುವ ಹೆಸರು, ಇಂಪೋರ್ಟ್ ಮಾಡುವ ಹೆಸರು ಎರಡೂ ಒಂದೇ ಆಗಿರಬೇಕಿಲ್ಲ. ‘ಸಿವಿ2’ ಬೇಕಾದರೆ ಇನ್‌ಸ್ಟಾಲ್ ಮಾಡಬೇಕಾದ್ದು ‘ಓಪನ್‌ಸಿವಿ-ಪೈಥಾನ್’. ‘ಪಿಐಎಲ್’ಗೆ ‘ಪಿಲ್ಲೋ’, ‘ಎಸ್‌ಕೆಲರ್ನ್’ಗೆ ‘ಸೈಕಿಟ್-ಲರ್ನ್’, ‘ಯಾಮಲ್’ಗೆ ‘ಪೈಯಾಮಲ್’, ‘ಬಿಎಸ್4’ಕ್ಕೆ ‘ಬ್ಯೂಟಿಫುಲ್‌ಸೂಪ್4’.

ಮಾಡ್ಯೂಲ್ ಸಿಕ್ಕಿದೆ, ಆದರೆ ಅದರಲ್ಲಿರಲೇಬೇಕಾದ ಫಂಕ್ಷನ್ ಇಲ್ಲ ಎನ್ನುತ್ತಿದ್ದರೆ ನಿಮ್ಮ ಫೋಲ್ಡರನ್ನೊಮ್ಮೆ ನೋಡಿ. ರ‍್ಯಾಂಡಮ್ ಮಾಡ್ಯೂಲ್ ಅಭ್ಯಾಸಕ್ಕೆಂದು ಬರೆದ ಫೈಲಿಗೆ ‘ರ‍್ಯಾಂಡಮ್.ಪಿವೈ’ ಎಂದೇ ಹೆಸರಿಟ್ಟರೆ, ಇಂಪೋರ್ಟ್ ಮಾಡುವಾಗ ಪೈಥಾನ್ ಮೊದಲು ಹುಡುಕುವುದು ಸ್ಕ್ರಿಪ್ಟ್ ಇರುವ ಫೋಲ್ಡರಿನಲ್ಲೇ. ನಿಮ್ಮ ಫೈಲ್ ತನ್ನನ್ನು ತಾನೇ ಇಂಪೋರ್ಟ್ ಮಾಡಿಕೊಳ್ಳುತ್ತದೆ. ಮಾಡ್ಯೂಲಿನ ‘__ಫೈಲ್__’ ಮುದ್ರಿಸಿದರೆ ಯಾವ ಫೈಲ್ ಸಿಕ್ಕಿತೆಂದು ತಿಳಿಯುತ್ತದೆ. ಹೆಸರು ಬದಲಿಸಿ. 3.13ರಲ್ಲಿ ಪೈಥಾನೇ ಈ ಸಲಹೆ ಕೊಡುವಷ್ಟು ಇದು ಸಾಮಾನ್ಯವಾದ ತಪ್ಪು. ಇದರ ಇನ್ನೊಂದು ರೂಪ: ವೇರಿಯಬಲ್‌ಗೆ ‘ಲಿಸ್ಟ್’ ಅಥವಾ ‘ಸಮ್’ ಎಂದು ಹೆಸರಿಡುವುದು. ಮುಂದೆಲ್ಲೋ ಆ ಫಂಕ್ಷನ್ ಕರೆದಾಗ ‘ನಾಟ್ ಕಾಲಬಲ್’ ಎಂದು ಮುನಿಸಿಕೊಳ್ಳುತ್ತದೆ. ನೋಟ್‌ಬುಕ್‌ನಲ್ಲಿ ಆ ಸೆಲ್ ಅಳಿಸಿದರೂ ಹೆಸರು ನೆನಪಿನಲ್ಲಿ ಉಳಿದಿರುತ್ತದೆ; ಕರ್ನಲ್ ಮರುಪ್ರಾರಂಭಿಸಬೇಕು.

‘ನನ್‌ಟೈಪ್’ ಎಂದು ದೂರುವ ಎರರ್‌ಗಳು

ದೋಷ ಕಂಡ ಜಾಗಕ್ಕೂ ಹುಟ್ಟಿದ ಜಾಗಕ್ಕೂ ಇರುವ ದೂರ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

    ಅಂಕಗಳು = [72, 45, 88]
    ಅಂಕಗಳು = ಅಂಕಗಳು.ಸಾರ್ಟ್()
    ಪ್ರಿಂಟ್(ಅಂಕಗಳು[0])

ಎರರ್ ಬರುವುದು ಮೂರನೆಯ ಸಾಲಿನಲ್ಲಿ, ತಪ್ಪು ಇರುವುದು ಎರಡನೆಯದರಲ್ಲಿ. ‘ಸಾರ್ಟ್’ ಮೆಥಡ್ ಇದ್ದ ಲಿಸ್ಟನ್ನೇ ಜೋಡಿಸಿ ‘ನನ್’ (ಏನೂ ಇಲ್ಲ ಎಂಬ ಮೌಲ್ಯ) ಹಿಂದಿರುಗಿಸುತ್ತದೆ. ಆ ‘ನನ್’ ಅನ್ನು ಅದೇ ಹೆಸರಿಗೆ ಕೊಟ್ಟಾಗ ಲಿಸ್ಟ್ ಕೈತಪ್ಪಿತು. ಬರೀ ‘ಅಂಕಗಳು.ಸಾರ್ಟ್()’ ಎಂದು ಬರೆದರೆ ಸಾಕು. ಹೊಸ ಲಿಸ್ಟ್ ಬೇಕಿದ್ದರೆ ‘ಸಾರ್ಟೆಡ್(ಅಂಕಗಳು)’. ‘ಅಪೆಂಡ್’, ‘ರಿವರ್ಸ್’, ‘ಎಕ್ಸ್‌ಟೆಂಡ್’ ಕೂಡ ಇದೇ ಜಾತಿಯವು. ಸ್ಟ್ರಿಂಗ್ ಇದಕ್ಕೆ ತದ್ವಿರುದ್ಧ: ‘ರಿಪ್ಲೇಸ್’, ‘ಸ್ಟ್ರಿಪ್’ ಮೂಲವನ್ನು ಮುಟ್ಟುವುದಿಲ್ಲ, ಹೊಸದನ್ನು ಕೊಡುತ್ತವೆ. ಅದನ್ನು ಹಿಡಿದಿಟ್ಟುಕೊಳ್ಳದಿದ್ದರೆ ಏನೂ ಬದಲಾಗಿಲ್ಲ ಎನ್ನಿಸುತ್ತದೆ.

‘ನನ್’ ನುಸುಳುವ ಬೇರೆ ದಾರಿಗಳೂ ಇವೆ. ಫಂಕ್ಷನ್ ಕೊನೆಯಲ್ಲಿ ‘ರಿಟರ್ನ್’ ಬದಲು ‘ಪ್ರಿಂಟ್’ ಬರೆದಿರುವುದು ಒಂದು. ‘ಇಫ್’ ಒಳಗೆ ಮಾತ್ರ ರಿಟರ್ನ್ ಇದ್ದು, ಆ ಷರತ್ತು ಸುಳ್ಳಾದಾಗ ಏನೂ ಹಿಂದಿರುಗದಿರುವುದು ಇನ್ನೊಂದು. ಇದು ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ನಡೆದು ಹತ್ತನೆಯ ಸಲ ಬೀಳುತ್ತದೆ, ಅದಕ್ಕೇ ಹಿಡಿಯುವುದು ಕಷ್ಟ. ಪಠ್ಯದಲ್ಲಿ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನ ‘ಮ್ಯಾಚ್’ ಕೂಡ ಹೊಂದಿಕೆ ಸಿಗದಿದ್ದರೆ ‘ನನ್’ ಕೊಡುತ್ತದೆ. ‘ಗ್ರೂಪ್’ ಕೇಳುವ ಮುನ್ನ ಸಿಕ್ಕಿತೋ ಇಲ್ಲವೋ ನೋಡಿಕೊಳ್ಳಿ.

ಒಂದನ್ನು ಮುಟ್ಟಿದರೆ ಇನ್ನೊಂದೂ ಬದಲಾಗುತ್ತದೆ

ಪೈಥಾನ್‌ನಲ್ಲಿ ‘=’ ಗುರುತು ವಸ್ತುವಿನ ಪ್ರತಿ ಮಾಡುವುದಿಲ್ಲ, ಇರುವ ವಸ್ತುವಿಗೆ ಇನ್ನೊಂದು ಹೆಸರಿಡುತ್ತದೆ. ‘ಬ = ಅ’ ಎಂದ ಮೇಲೆ ‘ಬ’ದಲ್ಲಿ ಸೇರಿಸಿದ್ದು ‘ಅ’ದಲ್ಲೂ ಕಾಣುವುದು ಸಹಜ, ಇರುವುದು ಒಂದೇ ಲಿಸ್ಟ್. ಸಂಶಯವಿದ್ದರೆ ‘ಅ ಈಸ್ ಬ’ ಎಂದು ಕೇಳಿ. ಬೇರೆ ಪ್ರತಿ ಬೇಕಿದ್ದರೆ ‘ಅ.ಕಾಪಿ()’. ಲಿಸ್ಟ್ ಒಳಗೆ ಲಿಸ್ಟ್ ಇದ್ದರೆ ಅದೂ ಸಾಲದು, ‘ಕಾಪಿ’ ಮಾಡ್ಯೂಲಿನ ‘ಡೀಪ್‌ಕಾಪಿ’ ಬೇಕು.

ಇದೇ ಬೇರಿನಿಂದ ಹುಟ್ಟುವ ಮೂರು ತೊಂದರೆಗಳು ಬೇರೆ ಬೇರೆಯೆಂಬಂತೆ ಕಾಣುತ್ತವೆ. ಮೊದಲನೆಯದು ಕೋಷ್ಟಕ:

    ಕೋಷ್ಟಕ = [[0] * 3] * 3
    ಕೋಷ್ಟಕ[0][0] = 7

ಒಂದು ಮನೆ ತುಂಬಿದ್ದಕ್ಕೆ ಮೂರೂ ಸಾಲಿನ ಮೊದಲ ಮನೆ 7 ಆಗುತ್ತದೆ. ಹೊರಗಿನ ಗುಣಾಕಾರ ಒಂದೇ ಸಾಲಿಗೆ ಮೂರು ಕೊಂಡಿ ಹಾಕಿದೆಯೇ ಹೊರತು ಮೂರು ಸಾಲು ಮಾಡಿಲ್ಲ. ‘[[0] * 3 ಫಾರ್ ಸಾಲು ಇನ್ ರೇಂಜ್(3)]’ ಎಂದು ಬರೆದರೆ ಪ್ರತಿ ಸುತ್ತಿನಲ್ಲೂ ಹೊಸ ಸಾಲು ಹುಟ್ಟುತ್ತದೆ.

ಎರಡನೆಯದು ಫಂಕ್ಷನ್‌ನ ಡೀಫಾಲ್ಟ್ ಮೌಲ್ಯ. ‘ಡೆಫ್ ಸೇರಿಸು(ವಸ್ತು, ಪಟ್ಟಿ=[])’ ಎಂದಾಗ ಆ ಖಾಲಿ ಲಿಸ್ಟ್ ಹುಟ್ಟುವುದು ‘ಡೆಫ್’ ಸಾಲು ಓಡಿದಾಗ, ಒಂದೇ ಸಲ. ಹಿಂದಿನ ಕರೆಯಲ್ಲಿ ಹಾಕಿದ ವಸ್ತು ಮುಂದಿನ ಕರೆಯಲ್ಲೂ ಕೂತಿರುತ್ತದೆ. ‘ಪಟ್ಟಿ=ನನ್’ ಎಂದಿಟ್ಟು, ಒಳಗೆ ‘ಇಫ್ ಪಟ್ಟಿ ಈಸ್ ನನ್’ ಆದರೆ ಹೊಸ ಲಿಸ್ಟ್ ಮಾಡಿ.

ಮೂರನೆಯದು ಓಡುತ್ತಿರುವ ಲೂಪ್‌ನಲ್ಲೇ ಲಿಸ್ಟಿನಿಂದ ತೆಗೆಯುವುದು. [2, 4, 6, 7]ರಿಂದ ಸಮಸಂಖ್ಯೆಗಳನ್ನು ಹೀಗೆ ತೆಗೆದರೆ ಉಳಿಯುವುದು [7] ಅಲ್ಲ, [4, 7]. 2 ಹೋದೊಡನೆ 4 ಮೊದಲ ಸ್ಥಾನಕ್ಕೆ ಸರಿಯಿತು, ಲೂಪ್ ಎರಡನೆಯ ಸ್ಥಾನಕ್ಕೆ ಜಿಗಿದು 6ನ್ನು ನೋಡಿತು. ಬೇಕಾದ್ದನ್ನು ಆರಿಸಿ ಹೊಸ ಲಿಸ್ಟ್ ಮಾಡುವುದೇ ಸರಿ. ಡಿಕ್ಷನರಿಯಲ್ಲಾದರೆ ಇಂಥ ತಪ್ಪಿಗೆ ‘ರನ್‌ಟೈಮ್‌ಎರರ್’ ಬರುತ್ತದೆ. ಲಿಸ್ಟ್ ಮಾತ್ರ ಸುಮ್ಮನೆ ತಪ್ಪು ಉತ್ತರ ಕೊಡುತ್ತದೆ. ಹಾಗಾಗಿ ಲಿಸ್ಟಿನದೇ ಹೆಚ್ಚು ಅಪಾಯ.

ಕನ್ನಡ ಪಠ್ಯ ಓದುವಾಗ

ವಿಂಡೋಸ್‌ನಲ್ಲಿ ಕನ್ನಡ ಫೈಲ್ ತೆರೆದಾಗ ‘ಚಾರ್‌ಮ್ಯಾಪ್ ಕೋಡೆಕ್‌ಗೆ 0ಎಕ್ಸ್8ಡಿ ಬೈಟನ್ನು ಓದಲಾಗುತ್ತಿಲ್ಲ’ ಎಂಬರ್ಥದ ಎರರ್ ಬರುವುದಕ್ಕೆ ನಿಖರವಾದ ಕಾರಣವಿದೆ. ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಹೇಳದಿದ್ದರೆ ‘ಓಪನ್’ ಫಂಕ್ಷನ್ ವ್ಯವಸ್ಥೆಯ ಕೋಡ್‌ಪೇಜ್ ಹಿಡಿಯುತ್ತದೆ, ಅದು ಬಹಳ ಕಡೆ ಸಿಪಿ1252. ಕನ್ನಡದ ಹಲಂತ ಚಿಹ್ನೆ ಯುಟಿಎಫ್-8ರಲ್ಲಿ ಇ0, ಬಿ3, 8ಡಿ ಎಂಬ ಮೂರು ಬೈಟ್ ಆಗುತ್ತದೆ. ಸಿಪಿ1252ರಲ್ಲಿ 8ಡಿಗೆ ಯಾವ ಅಕ್ಷರವೂ ಇಲ್ಲ. ಹೀಗಾಗಿ ಮೊದಲ ಒತ್ತಕ್ಷರ ಸಿಕ್ಕ ಕಡೆಯೇ ಓದು ಮುರಿದುಬೀಳಬಹುದು. ‘ಓಪನ್(ಹೆಸರು, ಎನ್‌ಕೋಡಿಂಗ್="ಯುಟಿಎಫ್-8")’ ಎಂದು ಓದುವಾಗಲೂ ಬರೆಯುವಾಗಲೂ ತಪ್ಪದೆ ಕೊಡಿ. ‘ಎರರ್ಸ್="ಇಗ್ನೋರ್"’ ಹಾಕಿ ಬಾಯಿ ಮುಚ್ಚಿಸಬೇಡಿ, ಅಕ್ಷರಗಳು ಸದ್ದಿಲ್ಲದೆ ಮಾಯವಾಗುತ್ತವೆ.

ಎಕ್ಸೆಲ್‌ನಿಂದ ಯುಟಿಎಫ್-8 ಸಿಎಸ್‌ವಿಯಾಗಿ ಉಳಿಸಿದ ಫೈಲಿನಲ್ಲಿ ಮೊದಲ ಕಾಲಂಗೆ ಮಾತ್ರ ‘ಕೀಎರರ್’ ಬರುತ್ತಿದ್ದರೆ, ಫೈಲಿನ ತಲೆಯಲ್ಲಿ ಎನ್‌ಕೋಡಿಂಗ್ ಸೂಚಿಸುವ, ಕಣ್ಣಿಗೆ ಕಾಣದ ಬಿಓಎಂ ಗುರುತು ಕೂತಿದೆ. ‘ರೆಪ್ರ್’ ಅದನ್ನು ತೋರಿಸುತ್ತದೆ. ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಎಂದು ಕೊಟ್ಟರೆ ತಾನೇ ಕಳಚಿಕೊಳ್ಳುತ್ತದೆ.

ಎರಡು ಪದಗಳು ನೋಡಲು ಒಂದೇ, ‘==’ ಮಾತ್ರ ಸುಳ್ಳು ಎನ್ನುತ್ತದೆಯೇ? ‘ಲೆನ್’ ಹಾಕಿ ನೋಡಿ. ಅದು ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ನಾವು ಕಾಣುವ ಅಕ್ಷರಗಳನ್ನಲ್ಲ. ‘ಕನ್ನಡ’ ಪದಕ್ಕೆ 5 ಬರುತ್ತದೆ. ‘ನೋ’ದ ಓಕಾರವನ್ನು ಒಂದೇ ಸಂಕೇತವಾಗಿಯೂ ಮೂರು ತುಂಡಾಗಿಯೂ ಬರೆಯಬಹುದಾದ್ದರಿಂದ ‘ನೋಡು’ ಒಂದು ಕಡೆ 4, ಇನ್ನೊಂದು ಕಡೆ 6 ಆಗಬಲ್ಲದು. ಹೋಲಿಸುವ ಮೊದಲು ಎರಡನ್ನೂ ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಸ್’ನಲ್ಲಿ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತನ್ನಿ. ಇದರಿಂದಲೂ ಹೋಗದ ಇನ್ನೊಂದು ವಸ್ತು ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಇರುವ ಶೂನ್ಯ ಅಗಲದ ಬಿಡಿಸುವ ಗುರುತು, ಯು+200ಸಿ. ‘ಸ್ಟ್ರಿಪ್’ ಇದನ್ನು ತೆಗೆಯುವುದಿಲ್ಲ. ಹೋಲಿಕೆಗಾಗಿ ಮಾಡಿಕೊಂಡ ಪ್ರತಿಯಲ್ಲಿ ‘ರಿಪ್ಲೇಸ್’ನಿಂದ ತೆಗೆಯಿರಿ, ಮೂಲದಲ್ಲಿ ಬಿಡಿ, ಅಲ್ಲಿ ತೆಗೆದರೆ ಓದುವವರಿಗೆ ಒತ್ತಕ್ಷರ ಬೇರೆಯಾಗಿ ಕಾಣುತ್ತದೆ. ವೇರಿಯಬಲ್ ಹೆಸರಿನಲ್ಲಿ ಈ ಗುರುತು ಸೇರಿಕೊಂಡರಂತೂ ‘ಸಿಂಟ್ಯಾಕ್ಸ್‌ಎರರ್’ ಖಂಡಿತ.

ಲೆಕ್ಕ ತಪ್ಪಿದಂತೆ ಕಂಡಾಗ

0.1 + 0.2 ಕೂಡಿಸಿದರೆ 0.30000000000000004 ಬರುವುದು ಪೈಥಾನ್‌ನ ದೋಷವಲ್ಲ. ಫ್ಲೋಟ್ ಸಂಖ್ಯೆಗಳು 53 ಬಿಟ್‌ಗಳ ದ್ವಿಮಾನ ಭಿನ್ನರಾಶಿಗಳು, 0.1 ಅದರಲ್ಲಿ ನಿಖರವಾಗಿ ಕೂರುವುದಿಲ್ಲ. ಫ್ಲೋಟ್‌ಗಳನ್ನು ‘==’ ಬದಲು ‘ಮ್ಯಾತ್.ಈಸ್‌ಕ್ಲೋಸ್’ನಿಂದ ಹೋಲಿಸಿ. ಹಣದ ಲೆಕ್ಕಕ್ಕೆ ‘ಡೆಸಿಮಲ್’ ಬಳಸಿ, ಮೌಲ್ಯವನ್ನು ಸ್ಟ್ರಿಂಗಾಗಿ ಕೊಡಿ, ‘ಡೆಸಿಮಲ್(0.1)’ ಎಂದರೆ ಆಗಲೇ ಕೆಟ್ಟ ಫ್ಲೋಟನ್ನು ಒಳಗೆ ಬಿಟ್ಟಂತೆ, ‘ಡೆಸಿಮಲ್("0.1")’ ಸರಿ. ‘ರೌಂಡ್(2.5)’ 2 ಕೊಡುತ್ತದೆ, ‘ರೌಂಡ್(3.5)’ 4. ಸರಿಯಾಗಿ ನಡುವೆ ಬಿದ್ದದ್ದನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುವುದು ಅದರ ನಿಯಮ.

ಸಂಖ್ಯೆಗಳನ್ನು ‘ಈಸ್’ನಿಂದ ಹೋಲಿಸಲೇಬೇಡಿ. ಸಿಪೈಥಾನ್ (ನಾವು ಸಾಮಾನ್ಯವಾಗಿ ಬಳಸುವ ಪೈಥಾನ್) -5ರಿಂದ 256ರವರೆಗಿನ ಪೂರ್ಣಾಂಕಗಳನ್ನು ಮೊದಲೇ ಮಾಡಿಟ್ಟುಕೊಂಡಿರುವುದರಿಂದ ಸಣ್ಣ ಸಂಖ್ಯೆಗಳಲ್ಲಿ ಪರೀಕ್ಷೆ ಗೆದ್ದು ದೊಡ್ಡವುಗಳಲ್ಲಿ ಸೋಲುತ್ತದೆ.

ಬೇಗ ಮುಗಿಯುವವು

‘ಸಿಂಟ್ಯಾಕ್ಸ್‌ಎರರ್’ ತೋರಿಸಿದ ಸಾಲಿನಲ್ಲಿ ಏನೂ ತಪ್ಪಿಲ್ಲದಿದ್ದರೆ ಅದರ ಮೇಲಿನ ಸಾಲಿನಲ್ಲಿ ಮುಚ್ಚದ ಆವರಣ ಹುಡುಕಿ. 3.10ರಿಂದ ಪೈಥಾನ್ ತೆರೆದ ಆವರಣದ ಜಾಗವನ್ನೇ ಹೇಳುತ್ತದೆ. ‘ಟ್ಯಾಬ್‌ಎರರ್’ ಬಂದರೆ ಎಡಿಟರ್‌ನಲ್ಲಿ ಟ್ಯಾಬ್‌ಗಳನ್ನೆಲ್ಲ ನಾಲ್ಕು ಸ್ಪೇಸ್‌ಗಳಾಗಿ ಬದಲಿಸಿ. ವಿಂಡೋಸ್ ಫೈಲ್ ದಾರಿಯಲ್ಲಿ ಹಿಂಬದಿ ಗೆರೆಯ ನಂತರ ‘ಎನ್’ ಅಥವಾ ‘ಟಿ’ ಬಂದರೆ ಅದು ಹೊಸ ಸಾಲು, ಟ್ಯಾಬ್ ಎಂದು ಅರ್ಥವಾಗಿಬಿಡುತ್ತದೆ. ಉದ್ಧರಣದ ಮುಂದೆ ‘ಆರ್’ ಹಾಕಿ, ಇಲ್ಲವೇ ‘ಪಾಥ್‌ಲಿಬ್’ ಬಳಸಿ. ‘ಮ್ಯಾಪ್’, ‘ಜಿಪ್’ ಮತ್ತು ಜನರೇಟರ್‌ಗಳು ಒಂದೇ ಸಲ ಬಳಸುವಂಥವು. ಎರಡನೆಯ ಸಲ ಕೂಡಿಸಿದಾಗ ಮೊತ್ತ 0 ಬಂದರೆ ಮೊದಲೇ ‘ಲಿಸ್ಟ್’ ಮಾಡಿಟ್ಟುಕೊಳ್ಳಬೇಕಿತ್ತು.

ಎರರ್ ಬಾರದ ತಪ್ಪು

‘ಎಕ್ಸೆಪ್ಟ್: ಪಾಸ್’ ಎಂಬ ಎರಡು ಪದ ಕೋಡ್‌ನಲ್ಲೆಲ್ಲಾದರೂ ಇದ್ದರೆ ಮೊದಲು ಅದನ್ನು ಕಿತ್ತುಹಾಕಿ. ದೋಷದ ಗುರುತನ್ನೇ ಅದು ಅಳಿಸಿಹಾಕುತ್ತದೆ. ಬರಿಯ ‘ಎಕ್ಸೆಪ್ಟ್’ ಕಂಟ್ರೋಲ್-ಸಿಯನ್ನೂ ನುಂಗುವುದರಿಂದ ಲೂಪ್‌ನಲ್ಲಿ ಸಿಕ್ಕಿಕೊಂಡ ಪ್ರೋಗ್ರಾಂ ನಿಲ್ಲಿಸಲೂ ಆಗುವುದಿಲ್ಲ. ನಿರೀಕ್ಷಿತ ಎರರ್‌ನ ಹೆಸರು ಬರೆದು ಅಷ್ಟನ್ನೇ ಹಿಡಿಯಿರಿ. ಬರಿಯ ‘ಎಕ್ಸೆಪ್ಟ್’ ಇಲ್ಲದಿದ್ದರೆ, ಗರಬಡಿದಂತೆ ನಿಂತ ಪ್ರೋಗ್ರಾಂಗೆ ಕಂಟ್ರೋಲ್-ಸಿ ಕೊಟ್ಟಾಗ ಬರುವ ಟ್ರೇಸ್‌ಬ್ಯಾಕ್ ಎಲ್ಲಿ ನಿಂತಿದೆ ಎಂಬುದನ್ನು ತೋರಿಸುತ್ತದೆ. ನಿಧಾನ ಎನಿಸಿದರೆ ‘ಪೈಥಾನ್ -ಎಂ ಸಿಪ್ರೊಫೈಲ್ -ಎಸ್ ಕ್ಯುಮ್‌ಟೈಮ್’ ಎಂದು ಓಡಿಸಿ, ಸಮಯ ತಿಂದ ಫಂಕ್ಷನ್‌ಗಳು ಮೇಲೆ ಬರುತ್ತವೆ. ಲೂಪ್ ಒಳಗೆ ದೊಡ್ಡ ಲಿಸ್ಟಿನಲ್ಲಿ ‘ಇನ್’ ಎಂದು ಹುಡುಕುತ್ತಿದ್ದರೆ ಅದನ್ನು ‘ಸೆಟ್’ ಮಾಡಿ ನೋಡಿ. ಲಿಸ್ಟಿನಲ್ಲಿ ಒಂದೊಂದಾಗಿ ಹುಡುಕಬೇಕು, ಸೆಟ್‌ನಲ್ಲಿ ನೇರವಾಗಿ ಸಿಗುತ್ತದೆ.

ಕೋಡ್ ಸರಿಯಿದೆ, ದತ್ತಾಂಶದಲ್ಲೇ ಎಲ್ಲೋ ಕೊಳೆ ಇದೆ ಎನಿಸಿದರೆ ಫೈಲನ್ನು ಅರ್ಧಕ್ಕೆ ಕತ್ತರಿಸಿ ಓಡಿಸಿ. ಬಿದ್ದ ಅರ್ಧವನ್ನು ಮತ್ತೆ ಅರ್ಧ ಮಾಡಿ. 10,000 ಸಾಲಿದ್ದರೂ 14 ಸಲದೊಳಗೆ ಕೆಟ್ಟ ಸಾಲು ಒಂಟಿಯಾಗುತ್ತದೆ. ಅದನ್ನು ‘ರೆಪ್ರ್’ ಹಾಕಿ ನೋಡಿ: ಫೈಲಿನ ಕೊನೆಯ ಖಾಲಿ ಸಾಲು, ಸಂಖ್ಯೆಯ ನಡುವೆ ಅಲ್ಪವಿರಾಮವಿರುವ "1,250", ಖಾಲಿ ಮನೆಯಲ್ಲಿ ಯಾರೋ ಹಾಕಿದ ಒಂದು ಅಡ್ಡಗೆರೆ, ಇಲ್ಲವೇ ‘ಇಂಟ್’ ಒಪ್ಪದ "12.0" — ಇವುಗಳಲ್ಲಿ ಒಂದು ಸಿಗುವುದೇ ಹೆಚ್ಚು. "೧೨" ಎಂಬ ಕನ್ನಡ ಅಂಕಿ ಸಿಕ್ಕರೆ ಅದನ್ನು ಹಾಗೇ ಬಿಡಿ, ‘ಇಂಟ್’ ಅದನ್ನು 12 ಎಂದೇ ಓದುತ್ತದೆ.